ಒಂಟೆಯ ಬೆನ್ನಿನಿಂದ ಲಾರಿಯ ಗಾಲಿಗೆ

ಹೊರದೇಶಕ್ಕೆ ದುಡಿಯಲು ಹೋದ ಭಾರತೀಯರ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಇಬ್ಬರನ್ನು ನೆನೆಯುತ್ತೇವೆ. ಒಬ್ಬ ಹಡಗು ಹತ್ತಿ ಹೋದ ವ್ಯಾಪಾರಿ. ಇನ್ನೊಬ್ಬ ಸಿಲೋನ್, ಮಲಯಾ, ಫಿಜಿಗಳ ತೋಟಗಳಲ್ಲಿ ಬೆವರು ಹರಿಸಿದ ಕೂಲಿಯಾಳು. ಇವರಿಬ್ಬರ ನಡುವೆ ಇನ್ನೊಬ್ಬನಿದ್ದಾನೆ. ಅವನು ತೋಟದಲ್ಲಿ ನಿಂತು ದುಡಿದವನಲ್ಲ, ಅಂಗಡಿ ಇಟ್ಟು ಕುಳಿತವನೂ ಅಲ್ಲ. ಒಂದು ಊರಿನ ಸರಕನ್ನು ಇನ್ನೊಂದು ಊರಿಗೆ ಹೊತ್ತು ತಲುಪಿಸುವುದು ಅವನ ಕಸುಬು. ಅವನ ಬದುಕಿನ ಹೆಚ್ಚಿನ ಪಾಲು ಕಳೆದದ್ದು ಹಾದಿಯಲ್ಲಿ. ಹಾದಿಯಲ್ಲಿ ಬದುಕುವವರ ಬಗ್ಗೆ ದಾಖಲೆ ಇಡುವವರು ಕಡಿಮೆ. ಆದ್ದರಿಂದಲೇ ಅವನ ಚರಿತ್ರೆ ನಮ್ಮ ಪಠ್ಯಗಳಿಗೆ ಬರಲಿಲ್ಲ.

‘ಹೆವಿ ಲೈಸೆನ್ಸ್ ಇದೆ, ಹೊರಗೆ ಎಲ್ಲಾದರೂ ಲಾರಿ ಓಡಿಸುವ ಕೆಲಸ ಸಿಕ್ಕೀತೇ?’ ಎಂಬ ಪ್ರಶ್ನೆ ಕರಾವಳಿಯ ಮನೆಗಳಲ್ಲಿ ಅಪರಿಚಿತವಲ್ಲ. 1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ದೇಶಗಳ ಬಾಗಿಲು ತೆರೆದ ಮೇಲೆ ಹುಟ್ಟಿದ ಪ್ರಶ್ನೆ ಇದು ಎಂದು ನಾವು ತಿಳಿದಿದ್ದೇವೆ. ಆದರೆ ಇದಕ್ಕೆ ನೂರ ಅರುವತ್ತು ವರ್ಷಗಳಿಗೂ ಮೀರಿದ ಹಿನ್ನೆಲೆಯಿದೆ. ಅಂದು ಲಾರಿ ಇರಲಿಲ್ಲ, ಒಂಟೆ ಇತ್ತು. ವೀಸಾ ಇರಲಿಲ್ಲ, ಮೂರು ವರ್ಷದ ಕರಾರುಪತ್ರ ಇತ್ತು. ಹೊರಡುವ ಬಂದರು ಕರಾಚಿ, ಸೇರುವ ದೇಶ ಆಸ್ಟ್ರೇಲಿಯಾ. ಆ ಒಂಟೆಯಾಳುಗಳ ಕತೆಯನ್ನು ನಾವಿಲ್ಲಿ ಹೇಳಹೊರಟಿರುವುದು ಹಳೆಯ ಕುತೂಹಲ ತಣಿಸಲು ಮಾತ್ರವಲ್ಲ. ಇಂದು ಲಾರಿಯ ಸ್ಟೇರಿಂಗ್ ಹಿಡಿಯಲು ಹೊರಡುವ ನಮ್ಮ ಹುಡುಗರು ಎದುರಿಸುವ ತೊಡಕುಗಳ ಬೇರು ಆ ಕತೆಯಲ್ಲಿದೆ.

ನಮ್ಮ ನೆಲದ ಹೇರೆತ್ತುಗಳು

ಆಸ್ಟ್ರೇಲಿಯಾಕ್ಕೆ ಹೋಗುವ ಮುನ್ನ ನಮ್ಮ ನಾಡಿನಲ್ಲೇ ಒಮ್ಮೆ ನಿಂತು ನೋಡೋಣ. ರೈಲು ಬರುವ ಮೊದಲು ದಖ್ಖನ್ನಿನ ಉಪ್ಪು, ಧಾನ್ಯಗಳು ಸಂಚರಿಸುತ್ತಿದ್ದುದು ಲಂಬಾಣಿಗಳ ಹೇರೆತ್ತುಗಳ ಮೇಲೆ. ಸಾವಿರಾರು ಎತ್ತುಗಳ ಸಾಲು ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಧಾನ್ಯವನ್ನು ಸಂತೆಗಳಿಗೂ ಸೈನ್ಯದ ಬೀಡುಗಳಿಗೂ ಒಯ್ಯುತ್ತಿತ್ತು. ಮೊಗಲರ ದಂಡಿಗೂ ಅವರು ಬೇಕು, ದಖ್ಖನ್ನಿನ ಅರಸರಿಗೂ ಅವರು ಬೇಕು. ಯುದ್ಧದ ಎರಡೂ ಬದಿಯವರು ಅವರನ್ನು ಮುಟ್ಟದೆ ಬಿಡುತ್ತಿದ್ದರು. ಏಕೆಂದರೆ ಅವರಿಲ್ಲದೆ ಅನ್ನವಿಲ್ಲ.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ರಸ್ತೆ ಬಂತು, ರೈಲು ಬಂತು. ಹೇರೆತ್ತಿಗೆ ಕೆಲಸವಿಲ್ಲದಾಯಿತು. ಇಷ್ಟೇ ಆಗಿದ್ದರೆ ಅದನ್ನು ಕಾಲದ ಮಹಿಮೆ ಎನ್ನಬಹುದಿತ್ತು. ಆದರೆ 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ನೂರಾರು ವರ್ಷ ಹಾದಿಯನ್ನೇ ನಂಬಿ ಬದುಕಿದ ಹಲವು ಅಲೆಮಾರಿ ಸಮುದಾಯಗಳು, ಬಂಜಾರರೂ ಸೇರಿದಂತೆ, ಪೊಲೀಸರ ಪಟ್ಟಿ ಸೇರಿದವು. ನಿನ್ನೆಯವರೆಗೆ ನಾಡಿಗೆ ಉಪ್ಪು ತಂದವನು ಇಂದು ಊರಿಗೆ ಬಂದರೆ ಠಾಣೆಗೆ ಹಾಜರಿ ಹಾಕಬೇಕಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಈ ಕಳಂಕವನ್ನು ಕಾನೂನಿನ ಪುಸ್ತಕದಿಂದ ಅಳಿಸಲಾಯಿತು. ಜನರ ಮನಸ್ಸಿನಿಂದ ಅಳಿಸಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಬೇಕಾದಾಗ ಬರಮಾಡಿಕೊಳ್ಳುವುದು, ಬೇಡವಾದಾಗ ಅನುಮಾನಿಸುವುದು. ಹೊರೆ ಹೊರುವವರ ಚರಿತ್ರೆಯಲ್ಲಿ ಈ ಕ್ರಮ ಮತ್ತೆ ಮತ್ತೆ ಬರುತ್ತದೆ.

ಕರಾಚಿಯಿಂದ ಮೆಲ್ಬರ್ನ್‌ಗೆ

ಆಸ್ಟ್ರೇಲಿಯಾ ಖಂಡದ ಅಂಚುಗಳಲ್ಲಿ ಬಿಳಿಯರು ನೆಲೆಸಿ ದಶಕಗಳು ಕಳೆದರೂ ಅದರ ಒಡಲು ಅವರಿಗೆ ಅರಿಯದಾಗಿತ್ತು. ಆ ಮರುಭೂಮಿಯನ್ನು ಸಾವಿರಾರು ವರ್ಷಗಳಿಂದ ಬಲ್ಲ ಮೂಲನಿವಾಸಿಗಳು ಅಲ್ಲಿದ್ದರು. ಆದರೆ ಬಿಳಿಯರ ಕುದುರೆ, ಎತ್ತುಗಳು ನೀರಿಲ್ಲದೆ ಸಾಯುತ್ತಿದ್ದವು. ಒಂಟೆ ತರಿಸಬೇಕೆಂಬ ಯೋಚನೆ ಹುಟ್ಟಿತು. ಮೊದಲ ಒಂಟೆ 1840ರಲ್ಲಿ ಕ್ಯಾನರಿ ದ್ವೀಪಗಳಿಂದ ಬಂದಿತ್ತು. ಅದಕ್ಕೆ ‘ಹ್ಯಾರಿ’ ಎಂದು ಹೆಸರು. 1846ರಲ್ಲಿ ಜಾನ್ ಹಾರಕ್ಸ್ ಎಂಬ ಅನ್ವೇಷಕ ಅದನ್ನು ಜೊತೆಗೆ ಕರೆದೊಯ್ದ. ಆತ ಬಂದೂಕಿಗೆ ಮದ್ದು ತುಂಬುತ್ತಿದ್ದಾಗ ಒಂಟೆ ಮೈ ಕೊಡವಿ ಗುಂಡು ಹಾರಿತು, ಆ ಗಾಯದಿಂದಲೇ ಆತ ತೀರಿಕೊಂಡ. ಒಂಟೆಯನ್ನು ಕೊಂಡರೆ ಸಾಲದು, ಅದನ್ನು ಬಲ್ಲವನೂ ಬೇಕು ಎಂಬುದು ಆಗ ತಿಳಿಯಿತು.

1860ರ ಜೂನ್ ತಿಂಗಳಲ್ಲಿ ಜಾರ್ಜ್ ಲ್ಯಾಂಡೆಲ್ಸ್ ಎಂಬಾತ ಕರಾಚಿಯಿಂದ 24 ಒಂಟೆಗಳನ್ನು ಮೆಲ್ಬರ್ನ್‌ಗೆ ತಂದ. ಜೊತೆಯಲ್ಲಿ ಅವುಗಳನ್ನು ನೋಡಿಕೊಳ್ಳುವ ಆಳುಗಳೂ ಬಂದರು. ಅದೇ ವರ್ಷದ ಆಗಸ್ಟ್ 20ರಂದು ಬರ್ಕ್ ಮತ್ತು ವಿಲ್ಸ್ ಅವರ ಪ್ರಸಿದ್ಧ ದಂಡಯಾತ್ರೆ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟಾಗ ಅವರಲ್ಲಿ ನಾಲ್ವರು ಜೊತೆಗಿದ್ದರು: ದೋಸ್ತ್ ಮಹಮ್ಮದ್, ಈಸಾ ಖಾನ್, ಬಲೂಚ್ ಮತ್ತು ಸಾಮ್ಲಾ. ಇವರಲ್ಲಿ ಸಾಮ್ಲಾ ಹಿಂದೂ. ಪಡೆಯಲ್ಲಿ ಕೊಡುತ್ತಿದ್ದ ಗೋಮಾಂಸದ ಊಟ ಅವನಿಗೆ ವರ್ಜ್ಯ. ಹಸಿದು ನಡೆಯಲಾರದೆ ಕೆಲವೇ ದಿನಗಳಲ್ಲಿ ಅವನು ಬಿಡುಗಡೆ ಕೇಳಿ ಹಿಂದಿರುಗಿದ. ದೋಸ್ತ್ ಮಹಮ್ಮದ್‌ನ ತೋಳನ್ನು ಒಂಟೆಯೊಂದು ಕಚ್ಚಿ ಊನ ಮಾಡಿತು. ಅವನು ಊರಿಗೆ ಮರಳಲೇ ಇಲ್ಲ. ಮೆನಿಂಡಿ ಎಂಬ ಸಣ್ಣ ಊರಿನ ಬಳಿ ಅವನ ಸಮಾಧಿ ಇದೆ. ಬರ್ಕ್ ಮತ್ತು ವಿಲ್ಸ್ ಹಸಿವಿನಿಂದ ಸತ್ತು ಆಸ್ಟ್ರೇಲಿಯಾದ ವೀರಪುರುಷರಾದರು, ಅವರಿಗೆ ಪ್ರತಿಮೆಗಳು ಎದ್ದವು. ಆಳುಗಳ ಹೆಸರನ್ನು ಹುಡುಕಿ ಓದಬೇಕಾದರೆ ಸಂಬಳದ ಪಟ್ಟಿಯನ್ನು ತೆರೆಯಬೇಕಿತ್ತು.

ನಿಜವಾದ ದಂಧೆ ಶುರುವಾದದ್ದು 1866ರ ಹೊತ್ತಿಗೆ. ದಕ್ಷಿಣ ಆಸ್ಟ್ರೇಲಿಯಾದ ಶ್ರೀಮಂತ ಥಾಮಸ್ ಎಲ್ಡರ್ ಕರಾಚಿಯಿಂದ 120ಕ್ಕೂ ಹೆಚ್ಚು ಒಂಟೆಗಳನ್ನೂ 31 ಆಳುಗಳನ್ನೂ ಪೋರ್ಟ್ ಆಗಸ್ಟಾ ಬಂದರಿಗೆ ತರಿಸಿದ. ಬಂದ ಒಂಟೆಗಳಲ್ಲಿ ಹಲವು ಕಜ್ಜಿ ರೋಗದಿಂದ ಸತ್ತವು. ಉಳಿದವುಗಳಿಂದ ಬೆಲ್ಟಾನಾ ಎಂಬಲ್ಲಿ ತಳಿ ಬೆಳೆಸಲಾಯಿತು. ಅಲ್ಲಿಂದ ಮುಂದಿನ ಐವತ್ತು, ಅರುವತ್ತು ವರ್ಷಗಳಲ್ಲಿ ಸುಮಾರು 20,000 ಒಂಟೆಗಳೂ, ಎರಡರಿಂದ ನಾಲ್ಕು ಸಾವಿರದಷ್ಟು ಆಳುಗಳೂ ಆಸ್ಟ್ರೇಲಿಯಾ ಸೇರಿದರೆಂಬುದು ಇತಿಹಾಸಕಾರರ ಅಂದಾಜು.

ಇವರನ್ನೆಲ್ಲ ಬಿಳಿಯರು ‘ಆಫ್ಘನ್’ ಎಂದರು, ಬಾಯಿಗೆ ಹಗುರವಾಗಲೆಂದು ‘ಘಾನ್’ ಎಂದರು. ಕೆಲವರು ನಿಜಕ್ಕೂ ಆಫ್ಘಾನಿಸ್ತಾನದವರೇ. ಆದರೆ ಬಹಳಷ್ಟು ಮಂದಿ ಬಲೂಚಿಸ್ತಾನ, ಸಿಂಧ್, ಪಂಜಾಬ್, ಪೇಶಾವರ ಸೀಮೆಗಳವರು, ಎಂದರೆ ಅಂದಿನ ಬ್ರಿಟಿಷ್ ಭಾರತದ ಪ್ರಜೆಗಳು. ಭಾಷೆ ಬೇರೆ, ಕುಲ ಬೇರೆ, ಊರು ಬೇರೆ. ಒಂಟೆ ಮತ್ತು ನಮಾಜು ಬಹುಪಾಲು ಮಂದಿಗೆ ಸಮಾನವಾಗಿದ್ದವು. ಹೊರದೇಶಕ್ಕೆ ಕಾಲಿಟ್ಟೊಡನೆ ದುಡಿಯುವವನ ಊರು, ಹೆಸರುಗಳು ಕರಗಿ ಒಂದೇ ಅಡ್ಡಹೆಸರು ಉಳಿಯುತ್ತದೆ. ಇದನ್ನು ಕೊಲ್ಲಿಗೆ ಹೋಗಿ ಬಂದ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರು ಹೊತ್ತದ್ದು ಒಂದು ದೇಶವನ್ನು

1870ರಿಂದ 1872ರವರೆಗೆ ಪೋರ್ಟ್ ಆಗಸ್ಟಾದಿಂದ ಉತ್ತರದ ಡಾರ್ವಿನ್‌ವರೆಗೆ ಸುಮಾರು 3,200 ಕಿಲೋಮೀಟರ್ ಉದ್ದದ ತಂತಿಮಾರ್ಗವನ್ನು ಎಳೆಯಲಾಯಿತು. ಆಸ್ಟ್ರೇಲಿಯಾವನ್ನು ಲಂಡನ್ನಿಗೆ ಜೋಡಿಸಿದ ತಂತಿ ಅದು. ಮರುಭೂಮಿಯ ಭಾಗದಲ್ಲಿ ಅದರ ಸಾಮಗ್ರಿ, ಆಹಾರಗಳನ್ನು ಸಾಗಿಸುವಲ್ಲಿ ಒಂಟೆಗಳ ಪಾಲು ದೊಡ್ಡದು. ಬಲಿಷ್ಠವಾದ ಗಂಡು ಒಂಟೆ ಅರ್ಧ ಟನ್ನಿನಷ್ಟು ಹೊರೆ ಹೊರಬಲ್ಲುದು. ಒಳನಾಡಿನ ಕುರಿ ಸಾಕಣೆಯ ತಾಣಗಳಿಂದ ಉಣ್ಣೆಯ ಮೂಟೆಗಳು ಬಂದರಿಗೆ ಹೋದದ್ದೂ, ಬಂದರಿನಿಂದ ಹಿಟ್ಟು, ಸಕ್ಕರೆ, ಚಹಾ, ಬೇಲಿಯ ತಂತಿ ಒಳನಾಡಿಗೆ ಬಂದದ್ದೂ ಅವುಗಳ ಬೆನ್ನ ಮೇಲೆಯೇ.

ಅನ್ವೇಷಕರ ಹಿಂದೆಯೂ ಅವರಿದ್ದರು. 1873ರಲ್ಲಿ ವಿಲಿಯಂ ಗಾಸ್ ಉಲುರು ಎಂಬ ಬೃಹತ್ ಬಂಡೆಯನ್ನು ಏರಿದಾಗ ಜೊತೆಯಲ್ಲಿ ಏರಿದವನು ಕಾಮ್ರಾನ್ ಎಂಬ ಒಂಟೆಯಾಳು. 1896ರ ಕ್ಯಾಲ್ವರ್ಟ್ ಯಾತ್ರೆಯಲ್ಲಿ ಬಲೂಚಿ ಮೂಲದ ಬೇಜಾ ದರ್ವೇಶ್ ಇದ್ದರು. ನೀರಿಲ್ಲದ ಆ ದಾರಿಯಲ್ಲಿ ಪಡೆಯ ಇಬ್ಬರು ಬಿಳಿಯರು ಪ್ರಾಣ ಬಿಟ್ಟರು. ಬೇಜಾ ಅವರ ಜಾಣ್ಮೆ ಉಳಿದವರನ್ನೂ ಒಂಟೆಗಳನ್ನೂ ದಾಟಿಸಿತು. ನಾಯಕ ಲಾರೆನ್ಸ್ ವೆಲ್ಸ್ ತನ್ನ ದಿಕ್ಸೂಚಿಯನ್ನೇ ಅವರಿಗೆ ಉಡುಗೊರೆಯಾಗಿ ಕೊಟ್ಟ.

1892ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕೂಲ್ಗಾರ್ಡಿಯಲ್ಲಿ ಚಿನ್ನ ಸಿಕ್ಕಿತು. ಚಿನ್ನದ ಹಿಂದೆ ಓಡಿಬಂದ ಸಾವಿರಾರು ಜನರಿಗೆ ಅಲ್ಲಿ ಕುಡಿಯಲು ನೀರಿರಲಿಲ್ಲ. ನೀರು, ಆಹಾರ, ಯಂತ್ರಭಾಗಗಳನ್ನು ಹೊತ್ತು ತಂದ ಒಂಟೆಗಳ ಸಾಲಿನಿಂದಲೇ ಆ ಊರು ಬದುಕಿತು. ಫೈಜ್ ಮತ್ತು ತಾಜ್ ಮಹಮ್ಮದ್ ಎಂಬ ಸಹೋದರರು ಅಲ್ಲಿ ನೂರಾರು ಒಂಟೆಗಳ ಸಾಗಾಟ ಸಂಸ್ಥೆಯನ್ನು ಕಟ್ಟಿದರು. ಆಳಾಗಿ ಬಂದವರಲ್ಲಿ ಕೆಲವರು ಹೀಗೆ ಮಾಲಕರೂ ಆದರು. ಆದರೆ ಅವರ ನಡುವೆಯೂ ಮಾಲಕ, ಆಳು ಎಂಬ ಭೇದ ಬಂತು, ಜಗಳ ಬಂತು. 1896ರ ಜನವರಿಯಲ್ಲಿ ತಾಜ್ ಮಹಮ್ಮದ್ ಮಸೀದಿಯಲ್ಲಿ ನಮಾಜಿನಲ್ಲಿದ್ದಾಗ ಸ್ವಧರ್ಮೀಯನೊಬ್ಬನ ಗುಂಡಿಗೆ ಬಲಿಯಾದರು. ಹೊರಗಿನ ಹಗೆತನದ ಕತೆ ಹೇಳುವಾಗ ಒಳಗಿನ ಈ ಕತೆಯನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ಅನ್ಯಾಯ.

ಕರಾರು, ಕಾನೂನು ಮತ್ತು ಅಂಗೈ ಗುರುತು

ಒಂಟೆಯಾಳುಗಳಲ್ಲಿ ಹೆಚ್ಚಿನವರು ಬಂದದ್ದು ಮೂರು ವರ್ಷದ ಕರಾರಿನ ಮೇಲೆ. ಹೆಂಡತಿ ಮಕ್ಕಳನ್ನು ಕರೆತರುವಂತಿರಲಿಲ್ಲ. ದುಡಿದು, ಹಣ ಕಳುಹಿಸಿ, ಅವಧಿ ಮುಗಿದ ಮೇಲೆ ಮರಳಬೇಕು. ಅವರು ಬೀಡುಬಿಟ್ಟದ್ದು ಊರಿನ ಅಂಚಿನಲ್ಲಿ. ‘ಘಾನ್‌ಟೌನ್’ ಎಂದು ಆ ಕೇರಿಗಳಿಗೆ ಹೆಸರು. ಮರ್ರೀ ಎಂಬ ಊರಿನಲ್ಲಿ ರೈಲು ಹಳಿಯೇ ಗಡಿಯಾಗಿತ್ತು. ಹಳಿಯ ಒಂದು ಬದಿಯಲ್ಲಿ ಬಿಳಿಯರು, ಇನ್ನೊಂದು ಬದಿಯಲ್ಲಿ ‘ಆಫ್ಘನ್’ರು ಮತ್ತು ಮೂಲನಿವಾಸಿಗಳು. ಮರಳದೆ ಉಳಿದವರಲ್ಲಿ ಹಲವರು ಮೂಲನಿವಾಸಿ ಹೆಣ್ಣುಮಕ್ಕಳನ್ನು ಮದುವೆಯಾದರು. ಇಂದಿಗೂ ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಕುಟುಂಬಗಳ ಉಪನಾಮ ಖಾನ್, ಮಹಮ್ಮದ್ ಎಂದಿರುವುದರ ಹಿಂದೆ ಈ ಕತೆಯಿದೆ.

ಅವರು ಕಟ್ಟಿದ ಮಸೀದಿಗಳು ಮಣ್ಣು, ತಗಡು, ಮರಗಳ ಸಣ್ಣ ಕಟ್ಟಡಗಳು. ಇವುಗಳ ನಡುವೆ ಅಡಿಲೇಡ್ ನಗರದ ಮಸೀದಿ ಬೇರೆಯಾಗಿ ನಿಲ್ಲುತ್ತದೆ. 1888-89ರಲ್ಲಿ ಕಲ್ಲಿನಿಂದ ಕಟ್ಟಿದ ಅದಕ್ಕೆ 1903ರಲ್ಲಿ ನಾಲ್ಕು ಮಿನಾರುಗಳನ್ನು ಸೇರಿಸಲಾಯಿತು. ದೂರದ ಮರುಭೂಮಿಯ ಒಂಟೆಯಾಳುಗಳು ಚಂದಾ ಎತ್ತಿ ಕಟ್ಟಿದ ಮಸೀದಿ ಅದು.

ಬಿಳಿಯ ಗಾಡಿಯವರಿಗೆ ಇವರ ಮೇಲೆ ಸಿಟ್ಟು. ಒಂಟೆಯ ಬಾಡಿಗೆ ಎತ್ತಿನ ಗಾಡಿಗಿಂತ ಅಗ್ಗ. 1894ರಲ್ಲಿ ಕೂಲ್ಗಾರ್ಡಿಯಲ್ಲಿ ಆಫ್ಘನ್ ವಿರೋಧಿ ಸಂಘವೇ ಹುಟ್ಟಿತು. ನೀರಿನ ಹೊಂಡಗಳಲ್ಲಿ ಕೈಕಾಲು ತೊಳೆದು ನೀರು ಕೆಡಿಸುತ್ತಾರೆ ಎಂಬುದು ದೊಡ್ಡ ದೂರು. ನಮಾಜಿಗೆ ಮುನ್ನ ವುಝೂ ಮಾಡುವವರ ಮೇಲೆ ಬರಗಾಲದ ನಾಡಿನಲ್ಲಿ ಈ ಆರೋಪ ಸುಲಭವಾಗಿ ಅಂಟಿತು. ಅದೇ ವರ್ಷ ಅಂಥದೊಂದು ಹೊಂಡದ ಬಳಿ ಬಿಳಿಯನೊಬ್ಬ ಹಾರಿಸಿದ ಗುಂಡಿಗೆ ಒಂಟೆಯಾಳುಗಳು ಬಲಿಯಾದರು. ಆತ್ಮರಕ್ಷಣೆ ಎಂಬ ನೆಲೆಯಲ್ಲಿ ಅವನಿಗೆ ಖುಲಾಸೆಯಾಯಿತು. ಚಿನ್ನದ ಗಣಿಗೆ ನೀರು ಹೊತ್ತವರಿಗೆ ಅಲ್ಲಿ ಚಿನ್ನ ಅಗೆಯುವ ಹಕ್ಕು ಇರಲಿಲ್ಲ. ಏಷ್ಯಾದವರಿಗೆ ಗಣಿ ಪರವಾನಗಿ ಕೊಡಕೂಡದೆಂಬುದು ಅಲ್ಲಿನ ಕಾನೂನು.

1901ರಲ್ಲಿ ಆಸ್ಟ್ರೇಲಿಯಾದ ವಸಾಹತುಗಳು ಒಂದು ಒಕ್ಕೂಟವಾದವು. ಹೊಸ ಸಂಸತ್ತು ಮೊದಮೊದಲು ಮಾಡಿದ ಕಾನೂನುಗಳಲ್ಲೊಂದು ವಲಸೆ ನಿರ್ಬಂಧ ಕಾಯಿದೆ. ಅದರಲ್ಲಿ ‘ಬಿಳಿಯರಿಗೆ ಮಾತ್ರ’ ಎಂದು ಎಲ್ಲಿಯೂ ಬರೆದಿರಲಿಲ್ಲ. ಬರೆದದ್ದು ಇಷ್ಟೇ: ಅಧಿಕಾರಿ ಆರಿಸಿದ ಯಾವುದಾದರೂ ಯುರೋಪಿನ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಬರೆಯಬೇಕು. ಇಂಗ್ಲಿಷ್ ಬಲ್ಲವನಿಗೆ ಇನ್ನಾವುದೋ ಭಾಷೆ ಕೊಡಬಹುದು. ಇದು ಪರೀಕ್ಷೆಯಲ್ಲ, ಮುಚ್ಚಿದ ಬಾಗಿಲು. ಆಗಲೇ ಅಲ್ಲಿ ನೆಲೆಸಿದ್ದ ಒಂಟೆಯಾಳು ತಾಯಿಯನ್ನೋ ಹೆಂಡತಿಯನ್ನೋ ನೋಡಲು ಊರಿಗೆ ಹೋಗಿ ಬರಬೇಕಾದರೆ ವಿನಾಯಿತಿ ಪತ್ರ ಪಡೆಯಬೇಕಿತ್ತು. ಆ ಪತ್ರದಲ್ಲಿ ಅವನ ಫೋಟೋ, ಹಿಂಬದಿಯಲ್ಲಿ ಶಾಯಿ ಹಚ್ಚಿ ಒತ್ತಿದ ಅಂಗೈ ಗುರುತು. 1903ರ ಪೌರತ್ವ ಕಾಯಿದೆ ಏಷ್ಯಾದವರಿಗೆ ಪೌರತ್ವದ ದಾರಿಯನ್ನೂ ಮುಚ್ಚಿತು. ಬ್ರಿಟಿಷ್ ಚಕ್ರವರ್ತಿಯ ಪ್ರಜೆಯೇ ಆಗಿದ್ದರೂ ಚಕ್ರವರ್ತಿಯ ಇನ್ನೊಂದು ನೆಲದಲ್ಲಿ ಅವನು ಪರಕೀಯ.

ಲಾರಿ ಬಂತು

ಒಂಟೆಯಾಳುಗಳು ಹೊತ್ತ ಸಾಮಗ್ರಿಯಿಂದಲೇ ರೈಲು ಹಳಿಗಳು ಒಳನಾಡಿಗೆ ಹೋದವು. 1891ರಲ್ಲಿ ಊಡ್ನಡಾಟಾಕ್ಕೆ ಬಂದ ರೈಲು 1929ರಲ್ಲಿ ಅಲಿಸ್ ಸ್ಪ್ರಿಂಗ್ಸ್ ತಲುಪಿತು. ಆ ಹೊತ್ತಿಗೆ ಮೋಟಾರು ಲಾರಿಯೂ ಮರುಭೂಮಿಗೆ ಇಳಿದಿತ್ತು. ಒಂಟೆಗಳ ಸಾಲು ವಾರಗಟ್ಟಲೆ ನಡೆಯುತ್ತಿದ್ದ ದಾರಿಯನ್ನು ಲಾರಿ ದಿನಗಳಲ್ಲಿ ಮುಗಿಸಿತು. 1934ರಲ್ಲಿ ಬ್ರಿಟನ್ನಿನಿಂದ ತಂದ, ಹಿಂದೆ ಎರಡು ಟ್ರೈಲರ್ ಎಳೆಯುವ ಸರಕಾರಿ ಲಾರಿ ಅಲಿಸ್ ಸ್ಪ್ರಿಂಗ್ಸ್ ಸುತ್ತ ಓಡತೊಡಗಿತು. ಇಂದು ಆಸ್ಟ್ರೇಲಿಯಾದಲ್ಲಿ ‘ರೋಡ್ ಟ್ರೈನ್’ ಎನ್ನುವ ಉದ್ದನೆಯ ಲಾರಿಗಳ ಹಿರಿಯಣ್ಣ ಅದು.

ಒಂಟೆಗೆ ಬೆಲೆಯಿಲ್ಲದಾಯಿತು. 1925ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ‘ಒಂಟೆ ನಾಶ ಕಾಯಿದೆ’ಯನ್ನೇ ಮಾಡಿತು. ಗುರುತಿಲ್ಲದೆ ಅಲೆಯುವ ಒಂಟೆಯನ್ನು ಗುಂಡಿಕ್ಕಿ ಕೊಲ್ಲಬಹುದು. ಮಕ್ಕಳಂತೆ ಸಾಕಿದ ಜೀವಗಳನ್ನು ಕೊಲ್ಲಲಾರದೆ ಹಲವು ಒಂಟೆಯಾಳುಗಳು ಮೂಗುದಾರ ಬಿಚ್ಚಿ ಮರುಭೂಮಿಗೆ ಅಟ್ಟಿಬಿಟ್ಟರು. ಇಂದು ಆಸ್ಟ್ರೇಲಿಯಾದ ಕಾಡುಒಂಟೆಗಳ ದೊಡ್ಡ ಹಿಂಡುಗಳು ಹುಟ್ಟಿದ್ದು ಹೀಗೆ.

ಹಾಗಾದರೆ ಒಂಟೆಯಾಳು ಲಾರಿ ಚಾಲಕನಾಗಬಹುದಿತ್ತಲ್ಲವೇ? ಅಲ್ಲಿನ ದಾರಿಯನ್ನು ಅವನಷ್ಟು ಬಲ್ಲವರು ಬೇರಾರಿದ್ದರು? ಆದರೆ ಲಾರಿ ಕೊಳ್ಳಲು ಬಂಡವಾಳ ಬೇಕು, ಸಾಲ ಕೊಡುವವರು ಬೇಕು, ಟಪಾಲಿನ ಗುತ್ತಿಗೆ ಬೇಕು. ಪೌರತ್ವವಿಲ್ಲದ, ವಯಸ್ಸು ಮೀರಿದ ಮನುಷ್ಯನಿಗೆ ಇವೊಂದೂ ಸುಲಭವಾಗಿರಲಿಲ್ಲ. ಕೆಲವರ ಮಕ್ಕಳು ಹೊಸ ಕಸುಬಿಗೆ ಹೊಂದಿಕೊಂಡರು. ಹಲವು ವೃದ್ಧರು ಅಡಿಲೇಡ್ ಮಸೀದಿಯ ಆವರಣದ ಪುಟ್ಟ ಕೋಣೆಗಳಲ್ಲಿ ಕೊನೆಯ ದಿನಗಳನ್ನು ಕಳೆದರು. ಎರಡನೇ ಮಹಾಯುದ್ಧದ ನಂತರ ಬಾಲ್ಕನ್ ಪ್ರದೇಶದ ಮುಸ್ಲಿಮರು ವಲಸೆ ಬಂದಾಗ ಆ ಮಸೀದಿಯಲ್ಲಿ ಅವರನ್ನು ಎದುರುಗೊಂಡವರು ಪೇಟ ಸುತ್ತಿದ ಈ ಕೆಲವೇ ಮುದುಕರು.

1954ರಲ್ಲಿ ತೆರೆಕಂಡ ‘ದಿ ಬ್ಯಾಕ್ ಆಫ್ ಬಿಯಾಂಡ್’ ಎಂಬ ಸಾಕ್ಷ್ಯಚಿತ್ರ ಮರ್ರೀಯಿಂದ ಬರ್ಡ್ಸ್‌ವಿಲ್‌ವರೆಗೆ ಲಾರಿಯಲ್ಲಿ ಟಪಾಲು ಒಯ್ಯುವ ಟಾಮ್ ಕ್ರೂಸ್ ಎಂಬ ಚಾಲಕನ ಕತೆ ಹೇಳುತ್ತದೆ. ಅದೇ ಚಿತ್ರದಲ್ಲಿ ನಾವು ವೃದ್ಧ ಬೇಜಾ ದರ್ವೇಶರನ್ನೂ ಕಾಣುತ್ತೇವೆ. ಒಂದೇ ದಾರಿಯ ಹಳೆಯ ಮತ್ತು ಹೊಸ ಸಾಗಾಟಗಾರರು ಒಂದೇ ಚಿತ್ರದಲ್ಲಿ. ಬೇಜಾ 1957ರಲ್ಲಿ ನಿಧನರಾದರು. ಉಕ್ತಲೇಖನದ ಪರೀಕ್ಷೆ ಕಾನೂನಿನಿಂದ ಮರೆಯಾದದ್ದು ಅದರ ಮರುವರ್ಷ, 1958ರಲ್ಲಿ. ಬಣ್ಣ ನೋಡಿ ಬಾಗಿಲು ತೆರೆಯುವ ನೀತಿಯ ಕೊನೆಯ ಕುರುಹುಗಳು ಹೋಗಲು 1973 ಬರಬೇಕಾಯಿತು. ಇಂದು ಅಡಿಲೇಡ್‌ನಿಂದ ಡಾರ್ವಿನ್‌ಗೆ ಓಡುವ ಐಷಾರಾಮಿ ರೈಲಿನ ಹೆಸರು ‘ದಿ ಘಾನ್’. ಅದರ ಲಾಂಛನ ಒಂಟೆ ಮತ್ತು ಸವಾರ. ಬದುಕಿದ್ದಾಗ ಹಳಿಯ ಆಚೆ ಬದಿಯಲ್ಲಿರಿಸಿದವನನ್ನು ಸತ್ತ ಮೇಲೆ ಎಂಜಿನ್ನಿನ ಮೇಲೆ ಬರೆದರು.

ಕೊಲ್ಲಿಯ ದಾರಿ

ಇನ್ನು ನಮ್ಮ ಕಾಲಕ್ಕೆ ಬರೋಣ. ಕರ್ನಾಟಕದ ಕರಾವಳಿಗೂ ಕೊಲ್ಲಿಗೂ ಹಾಯಿಹಡಗಿನ ಕಾಲದಿಂದಲೂ ನಂಟಿದೆ. ಮಂಗಳೂರಿನ ಹಂಚು, ಅಕ್ಕಿ, ಮರಗಳು ಆ ಬಂದರುಗಳಿಗೆ ಹೋಗುತ್ತಿದ್ದವು, ಖರ್ಜೂರ ಇಲ್ಲಿಗೆ ಬರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಆ ದೇಶಗಳಲ್ಲಿ ರಸ್ತೆ, ಬಂದರು, ನಗರಗಳು ಏಳತೊಡಗಿದಾಗ ಸಿಮೆಂಟು, ಕಬ್ಬಿಣ, ನೀರು ಸಾಗಿಸಲು ಚಾಲಕರು ಬೇಕಾದರು. ಘಟ್ಟದ ತಿರುವುಗಳಲ್ಲಿ ಪಳಗಿದ ನಮ್ಮ ಲಾರಿ ಚಾಲಕರು, ಕ್ಲೀನರ್ ಆಗಿ ಸೇರಿ ಸ್ಟೇರಿಂಗ್ ಕಲಿತ ಹುಡುಗರು ಆ ದಾರಿ ಹಿಡಿದರು.

ಅಲ್ಲಿಯೂ ಕರಾರು ಇತ್ತು. ‘ಕಫಾಲತ್’ ಪದ್ಧತಿಯಲ್ಲಿ ದುಡಿಯುವವನ ವಾಸದ ಪರವಾನಗಿ ಕೆಲಸ ಕೊಟ್ಟವನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಕಫೀಲನ ಒಪ್ಪಿಗೆ ಇಲ್ಲದೆ ಬೇರೆ ಕೆಲಸಕ್ಕೆ ಹೋಗುವಂತಿಲ್ಲ, ಹಲವೆಡೆ ದೇಶ ಬಿಡುವಂತೆಯೂ ಇರಲಿಲ್ಲ. ಪಾಸ್‌ಪೋರ್ಟನ್ನು ಮಾಲಕ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೆಂದು ಸಾರಿದ ಮೇಲೂ ಆ ರೂಢಿ ಪೂರ್ತಿ ಹೋಗಲಿಲ್ಲ. ಕಡಿಮೆ ಸಂಬಳದವನಿಗೆ ಕುಟುಂಬದ ವೀಸಾ ಸಿಗದು. ಬೆಲ್ಟಾನಾದ ಒಂಟೆಯಾಳುವಿನ ಕರಾರನ್ನೂ ರಿಯಾದ್‌ನ ಟ್ರೈಲರ್ ಚಾಲಕನ ಕರಾರನ್ನೂ ಪಕ್ಕಪಕ್ಕದಲ್ಲಿಟ್ಟರೆ ತಾರೀಖು ಬದಲಾಗಿದೆ, ತಿರುಳು ಅಷ್ಟಾಗಿ ಬದಲಾಗಿಲ್ಲ. ಒಂದು ಕಡೆ ಬಿಳಿಯ ಜನಾಂಗದ ಸರಕಾರ, ಇನ್ನೊಂದು ಕಡೆ ಮುಸ್ಲಿಮ್ ದೇಶಗಳು. ಅನ್ಯಾಯವನ್ನು ಅಳೆಯುವಾಗ ನಮ್ಮ ತಕ್ಕಡಿ ಎರಡೂ ಕಡೆಗೆ ಒಂದೇ ಆಗಿರಬೇಕು. ಕತಾರ್ 2020ರಲ್ಲಿ, ಸೌದಿ ಅರೇಬಿಯಾ 2021ರಲ್ಲಿ ಕೆಲಸ ಬದಲಿಸುವ ನಿಯಮಗಳನ್ನು ಸಡಿಲಿಸಿದವು. ಆದರೆ ಸೌದಿಯ ಆ ಸುಧಾರಣೆ ಮನೆಗೆಲಸದವರನ್ನೂ ಮನೆಯ ಕಾರು ಓಡಿಸುವ ‘ಹೌಸ್ ಡ್ರೈವರ್’ಗಳನ್ನೂ ಹೊರಗಿಟ್ಟಿತು. 2018ರ ಜೂನ್ 24ರಂದು ಅಲ್ಲಿನ ಮಹಿಳೆಯರಿಗೆ ಕಾರು ಓಡಿಸುವ ಹಕ್ಕು ಸಿಕ್ಕಿತು. ಅದು ಎಂದೋ ಸಿಗಬೇಕಾಗಿದ್ದ ಹಕ್ಕು. ಅದೇ ಹೊತ್ತಿಗೆ ಹೌಸ್ ಡ್ರೈವರ್‌ಗಳ ಮನೆಗಳಲ್ಲಿ, ಇನ್ನು ನಮ್ಮ ಕೆಲಸದ ಗತಿಯೇನು ಎಂಬ ಚಿಂತೆಯೂ ಹುಟ್ಟಿತು.

ಗಡಿ ದಾಟಿಸಿದ ಲಾರಿಗಳು

ಚಾಲಕನ ಕೆಲಸಕ್ಕೆ ಇನ್ನೊಂದು ಅಪಾಯವಿದೆ. ಅವನ ಕೆಲಸದ ಜಾಗ ಅವನ ಕೈಯಲ್ಲಿಲ್ಲ. 2004ರಲ್ಲಿ ಯುದ್ಧದ ಬೆಂಕಿಯಲ್ಲಿದ್ದ ಇರಾಕಿಗೆ ಕುವೈತ್‌ನಿಂದ ಸರಕು ಹೋಗುತ್ತಿತ್ತು. ಕುವೈತ್‌ನ ಸಾಗಾಟ ಸಂಸ್ಥೆಯೊಂದರ ಏಳು ಮಂದಿ ಚಾಲಕರನ್ನು ಜುಲೈ ತಿಂಗಳಲ್ಲಿ ಇರಾಕಿನಲ್ಲಿ ಒತ್ತೆಯಾಗಿ ಹಿಡಿಯಲಾಯಿತು. ಅವರಲ್ಲಿ ಮೂವರು ಭಾರತೀಯರು, ಮೂವರು ಕೆನ್ಯಾದವರು, ಒಬ್ಬ ಈಜಿಪ್ಟಿನವನು. ಪಂಜಾಬ್, ಹಿಮಾಚಲದ ಹಳ್ಳಿಗಳಲ್ಲಿ ಅವರ ಮನೆಯವರು ದೂರದರ್ಶನದ ಮುಂದೆ ಕುಳಿತು ಕಣ್ಣೀರಿಟ್ಟರು. ಸುಮಾರು ಆರು ವಾರಗಳ ಮಾತುಕತೆಯ ನಂತರ ಸೆಪ್ಟೆಂಬರ್ 1ರಂದು ಏಳೂ ಮಂದಿ ಬಿಡುಗಡೆಯಾದರು. ಅಂದಿನ ವಿದೇಶಾಂಗ ಖಾತೆಯ ಸಹಾಯಕ ಸಚಿವ ಇ. ಅಹಮದ್ ಆ ಪ್ರಯತ್ನದಲ್ಲಿ ತೊಡಗಿದ್ದರು. ಭಾರತ ಸರಕಾರ ತನ್ನ ಪ್ರಜೆಗಳು ಇರಾಕಿಗೆ ಹೋಗುವುದನ್ನು ನಿಷೇಧಿಸಿತು. ಆದರೆ ಕುವೈತ್‌ನ ವೀಸಾದಲ್ಲಿ ಹೋದವನ ಲಾರಿಯನ್ನು ಗಡಿಯಾಚೆಗೆ ಕಳುಹಿಸುವವನು ಮಾಲಕ. ‘ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯ ಚಾಲಕನಿಗೆ ಎಷ್ಟಿದೆ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ.

ಮರುವರ್ಷ, 2005ರ ನವೆಂಬರ್‌ನಲ್ಲಿ, ಆಫ್ಘಾನಿಸ್ತಾನದಲ್ಲಿ ಝರಂಜ್‌ನಿಂದ ದೆಲಾರಾಮ್‌ಗೆ ರಸ್ತೆ ನಿರ್ಮಿಸುತ್ತಿದ್ದ ಭಾರತದ ಗಡಿ ರಸ್ತೆ ಸಂಸ್ಥೆಯ ಚಾಲಕರೊಬ್ಬರನ್ನು ತಾಲಿಬಾನ್ ಅಪಹರಿಸಿ ಕೊಂದಿತು. ಅವರು ಕೇರಳದವರು. ಒಂದು ಕಾಲದಲ್ಲಿ ಆಫ್ಘನ್ನರು ಪರರ ದೇಶದ ದಾರಿ ತೆರೆಯಲು ಹೋಗಿ ಅಲ್ಲಿ ಮಣ್ಣಾದರು. ಇಲ್ಲಿ ಆಫ್ಘನ್ನರ ನೆಲದಲ್ಲಿ ದಾರಿ ಮಾಡಲು ಹೋದ ಮಲಯಾಳಿ ಚಾಲಕ ಮರಳಿ ಬಂದದ್ದು ಶವವಾಗಿ. 200 ಕಿಲೋಮೀಟರಿಗೂ ಹೆಚ್ಚು ಉದ್ದದ ಆ ರಸ್ತೆ 2009ರಲ್ಲಿ ಮುಗಿಯಿತು.

ಯುರೋಪಿನಲ್ಲಿ ಈಗ ಚಾಲಕರ ಕೊರತೆ. ಅಲ್ಲಿಗೂ ಏಷ್ಯಾದ ಚಾಲಕರು ಹೋಗುತ್ತಿದ್ದಾರೆ. 2023ರ ವಸಂತದಲ್ಲಿ ಜರ್ಮನಿಯ ಗ್ರೇಫೆನ್‌ಹೌಸನ್ ಎಂಬಲ್ಲಿ ಹೆದ್ದಾರಿ ಬದಿಯ ತಂಗುದಾಣದಲ್ಲಿ ಹತ್ತಾರು ಲಾರಿಗಳು ನಿಂತುಬಿಟ್ಟವು. ಪೋಲೆಂಡಿನ ಸಾಗಾಟ ಸಂಸ್ಥೆಗೆ ದುಡಿಯುತ್ತಿದ್ದ ಉಜ್ಬೇಕಿಸ್ತಾನ, ಜಾರ್ಜಿಯಾ ಮುಂತಾದ ದೇಶಗಳ ಚಾಲಕರು ಬಾಕಿ ಸಂಬಳ ಬರುವವರೆಗೆ ಕೀಲಿಕೈ ಕೊಡೆವು ಎಂದರು. ಲಾರಿಗಳನ್ನು ಬಲವಂತವಾಗಿ ಒಯ್ಯಲು ಬಂದ ಕಾವಲು ಪಡೆಯನ್ನು ಜರ್ಮನಿಯ ಪೊಲೀಸರು ತಡೆದರು. ವಾರಗಟ್ಟಲೆ ಕ್ಯಾಬಿನ್ನಿನಲ್ಲೇ ಉಂಡು ಮಲಗಿದ ಚಾಲಕರಿಗೆ ಅಲ್ಲಿನ ಕಾರ್ಮಿಕ ಸಂಘಟನೆಗಳೂ ಸುತ್ತಲಿನ ಜನರೂ ಆಹಾರ ತಂದುಕೊಟ್ಟರು. ಏಪ್ರಿಲ್ ಕೊನೆಗೆ ಅವರ ಹಣ ಬಂತು. ಚಾಲಕನಿಗೂ ಒಂದು ಬಲವಿದೆ. ಲಾರಿ ನಿಂತರೆ ಪೇಟೆ ನಿಲ್ಲುತ್ತದೆ. ಆದರೆ ಆ ಬಲ ಒಬ್ಬೊಬ್ಬನಲ್ಲಿ ಇಲ್ಲ, ಒಟ್ಟಿಗೆ ನಿಂತಾಗ ಮಾತ್ರ ಇದೆ. ಭಾಷೆ ಬೇರೆಯಾದ ಚಾಲಕರು ಅದನ್ನು ಅಲ್ಲಿ ತೋರಿಸಿಕೊಟ್ಟರು.

ಹೊರಡುವ ಮುನ್ನ

ಈ ಚರಿತ್ರೆಯಿಂದ ಹೊರಡಲಿರುವವನಿಗೆ ಸಿಗುವ ಪ್ರಯೋಜನವೇನು? ಅಂದಿಗೂ ಇಂದಿಗೂ ಚಾಲಕನ ಭವಿಷ್ಯ ನಿರ್ಧಾರವಾಗುವುದು ಹಾದಿಯಲ್ಲಿ ಅಲ್ಲ, ಹೊರಡುವ ಮೊದಲು ಸಹಿ ಹಾಕಿದ ಕಾಗದದಲ್ಲಿ. ಒಂಟೆಯಾಳುಗಳಲ್ಲಿ ಬಹಳಷ್ಟು ಮಂದಿ ಓದಲಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ನಮಗೆ ಆ ಅನಿವಾರ್ಯತೆ ಇಲ್ಲ.

ಭಾರತದಲ್ಲಿ 1983ರ ವಲಸೆ ಕಾಯಿದೆಯ ಪ್ರಕಾರ ಹೊರದೇಶಕ್ಕೆ ಆಳು ಕಳುಹಿಸುವ ಏಜೆಂಟ್ ಸರಕಾರದ ನೋಂದಣಿ ಪಡೆದಿರಬೇಕು. ಆತ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ತೆರಿಗೆ ಎಂಬ ಮಿತಿಯಿದೆ. ಲಕ್ಷಗಟ್ಟಲೆ ಕೇಳುವವನು ಕಾನೂನಿನ ಹೊರಗಿದ್ದಾನೆ ಎಂದೇ ಅರ್ಥ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿಯಂಥ ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಇದನ್ನು ತೊಂದರೆ ಎಂದು ಭಾವಿಸಿ ಪ್ರವಾಸಿ ವೀಸಾದಲ್ಲಿ ಹಾರಿಸುವ ಏಜೆಂಟರಿದ್ದಾರೆ. ಹಾಗೆ ಹೋದವನಿಗೆ ಅಲ್ಲಿ ದುಡಿಯುವ ಹಕ್ಕೇ ಇರುವುದಿಲ್ಲ, ಸಂಬಳ ಬಾರದಿದ್ದರೆ ದೂರುವ ನೆಲೆಯೂ ಇರುವುದಿಲ್ಲ. ‘ಆಜಾದ್ ವೀಸಾ’ ಎಂಬುದು ಯಾವ ದೇಶದ ಕಾನೂನಿನಲ್ಲೂ ಇಲ್ಲದ ವೀಸಾ. 2003ರಲ್ಲಿ ಆರಂಭವಾದ ಪ್ರವಾಸಿ ಭಾರತೀಯ ವಿಮೆಯ ರಕ್ಷಣೆಯೂ ಅನುಮತಿ ಪಡೆದು ಹೋದವನಿಗೆ ಮಾತ್ರ.

ನಮ್ಮ ಹೆವಿ ಲೈಸೆನ್ಸ್ ಅಲ್ಲಿ ನೇರವಾಗಿ ನಡೆಯುತ್ತದೆಂದು ನಂಬಬಾರದು. ಆ ದೇಶದ ಪರೀಕ್ಷೆ ಪಾಸಾಗಬೇಕು. ಅದರ ಖರ್ಚು ಯಾರದು, ಪಾಸಾಗುವವರೆಗೆ ಸಂಬಳ ಎಷ್ಟು, ಅಪಘಾತವಾದರೆ ಪರಿಹಾರದ ಹೊಣೆ ಯಾರದು ಎಂಬುದು ಕರಾರಿನಲ್ಲಿರಬೇಕು. ಡ್ರೈವರ್ ಕೆಲಸವೆಂದು ಕರೆದೊಯ್ದು ಮರುಭೂಮಿಯಲ್ಲಿ ಆಡು, ಒಂಟೆ ಕಾಯಲು ಬಿಟ್ಟ ಪ್ರಸಂಗಗಳೂ ನಡೆದಿವೆ. ಲಾರಿ ಬಂದು ಒಂಟೆಯವನ ಅನ್ನ ಕಸಿದ ಕತೆಯನ್ನು ಮೇಲೆ ಓದಿದೆವು. ಲಾರಿಯ ಆಸೆ ತೋರಿಸಿ ಒಂಟೆಯ ಹಿಂದೆ ಓಡಿಸುವ ಮೋಸ ನಮ್ಮ ಕಾಲದ್ದು.

ಕೊನೆಯದಾಗಿ, ಇತಿಹಾಸವನ್ನು ಪ್ರೀತಿಸುವ ಓದುಗರಲ್ಲಿ ಒಂದು ಬಿನ್ನಹ. ಒಂಟೆಯಾಳುಗಳ ಹೆಸರು, ಮುಖಗಳನ್ನು ಇಂದು ನಾವು ಕಾಣಲು ಸಾಧ್ಯವಾದದ್ದು, ಅವರನ್ನು ಅನುಮಾನಿಸಿದ ಸರಕಾರ ಫೋಟೋ ತೆಗೆಸಿ ಅಂಗೈ ಗುರುತು ಒತ್ತಿಸಿ ಕಡತದಲ್ಲಿಟ್ಟ ಕಾರಣ. ಅವಮಾನದ ಕಾಗದವೇ ಚರಿತ್ರೆಯ ಆಧಾರವಾಯಿತು. ಕರಾವಳಿಯ ಮೊದಲ ತಲೆಮಾರಿನ ಕೊಲ್ಲಿ ಚಾಲಕರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಅವರ ಹಳೆಯ ಪಾಸ್‌ಪೋರ್ಟು, ಇಕಾಮಾ, ಅರಬಿ ಲೈಸೆನ್ಸು, ಮನೆಗೆ ಬರೆದ ಪತ್ರ, ಮಾತು ತುಂಬಿ ಕಳುಹಿಸಿದ ಕ್ಯಾಸೆಟ್ಟುಗಳು ಅಟ್ಟದ ಮೇಲಿನ ಸೂಟ್‌ಕೇಸುಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ಅವನ್ನು ತೆಗೆದು ಜೋಪಾನ ಮಾಡುವುದು, ಆ ಹಿರಿಯರ ಬಳಿ ಕುಳಿತು ಯಾವ ವರ್ಷ ಹೋದಿರಿ, ಯಾವ ದಾರಿಯಲ್ಲಿ ಏನನ್ನು ಸಾಗಿಸಿದಿರಿ, ಕರಾರಿನಲ್ಲಿ ಏನಿತ್ತು, ಕೈಗೆ ಬಂದದ್ದೆಷ್ಟು ಎಂದು ಕೇಳಿ ಬರೆದಿಡುವುದು ನಮ್ಮ ಶಾಲೆ, ಕಾಲೇಜು, ಜಮಾಅತ್‌ಗಳು ಇಂದೇ ಆರಂಭಿಸಬಹುದಾದ ಕೆಲಸ. ಅವರು ಇನ್ನೂ ನಮ್ಮ ನಡುವೆ ಇದ್ದಾರೆ.